ಚಂಡಮಾರುತಕ್ಕೊಂದು ಶಿಕ್ಕಾ

ಮೊನ್ನೆ ಮಂಗಳವಾರ ಅಂಗಡಿಯಲ್ಲಿ ಕೂತು ಒಂದರ ಹಿಂದೊಂದು ಏಳು ಸೀನು ಸೀನಿದೆ. ನೆಗಡಿಯೇನೂ ಆಗಿರಲಿಲ್ಲ. ಸಗರದಿಂದ ಶಶಿಕಲಾ ಬಂದಿದ್ದಳು. ನನ್ನ ಸೋದರತ್ತೆ ನೀಲಮ್ಮನ ಸೊಸೆ. ಅವಳು ತಂದಿದ್ದ ಕಾಗದದ ಗಂಟು ಬಿಚ್ಚಿದ್ದೇ ತಡ, ಮೂಗಿನೊಳಗೆ ಕೆಂಡ ಇಟ್ಟಂತಾಯಿತು. ಶಹಾಪುರದ ಬಸ್ ನಿಲ್ದಾಣದ ಹತ್ತಿರ ಝೆರಾಕ್ಸ್ ಅಂಗಡಿ ಇಟ್ಟುಕೊಂಡು ಇಪ್ಪತ್ತು ವರ್ಷವಾಯಿತು. ಜನ ತರುವ ಕಾಗದದ ವಾಸನೆಯಿಂದಲೇ ಅವರ ಮನೆಯ ಕಸುಬು ಹೇಳಬಲ್ಲೆ ಎಂಬ ಜಂಬ ನನಗಿದೆ. ಕಿರಾಣಿ ಅಂಗಡಿಯವರ ಕಾಗದಕ್ಕೆ ಜೀರಿಗೆಯ ವಾಸನೆ, ಹೊಳೆದಂಡೆಯವರ ಕಾಗದಕ್ಕೆ ಮೀನಿನ ವಾಸನೆ, ಪೆಟ್ಟಿಗೆಯಲ್ಲಿಟ್ಟು ಮರೆತವರ ಕಾಗದಕ್ಕೆ ನುಸಿಗುಳಿಗೆಯ ವಾಸನೆ. ನೀಲಮ್ಮತ್ತೆಯ ಕಾಗದಗಳಿಗೆ ಮಾತ್ರ ಒಣಮೆಣಸಿನಕಾಯಿಯ ಘಾಟು.

"ಅಣ್ಣಾರ, ಎಲ್ಲಾದರದೂ ಎರಡೆರಡು ಝೆರಾಕ್ಸ್ ಬೇಕ್ರಿ. ಕಾಗದ ಹ್ಯಾಂಗ ಅದಾವೋ ಹಂಗ ಇಡಬೇಕಂತ. ಹಿಂದ ಮುಂದ ಆದ್ರ ಅತ್ತಿಯಾರು ಬೈತಾರ," ಎಂದಳು ಶಶಿಕಲಾ.

ಪಹಣಿ, ಆಧಾರ್, ರೇಷನ್ ಕಾರ್ಡು, ಮತ್ತೆ ಇನ್ನೊಂದು ಪಹಣಿ. ಅದರ ಕೆಳಗೆ, ಮಡಿಕೆಗಳಲ್ಲಿ ಹರಿಯಲು ಬಂದ ಒಂದು ಹಾಳೆ. ಬಿಡಿಸಿ ನೋಡಿದರೆ ಬಂಗಾಳ ಕೊಲ್ಲಿಯ ನಕಾಶೆ! ನಕಾಶೆಯ ಕೆಳಗೆ ನನ್ನ ಅಂಗಡಿಯ ಗುಂಡನೆಯ ನೀಲಿ ಶಿಕ್ಕಾ. ನಮ್ಮ ಕಡೆ ಮೊಹರಿಗೆ ಶಿಕ್ಕಾ ಎನ್ನುತ್ತೇವೆ. ಶಿಕ್ಕಾದ ಮೇಲೆ ಅಡ್ಡಲಾಗಿ, ನನ್ನದೇ ಅಕ್ಷರದಲ್ಲಿ, 'ರದ್ದು' ಎಂದು ಬರೆದಿದೆ. ಪಕ್ಕದಲ್ಲಿ ಕರ್ರಗಿನ ಹೆಬ್ಬೆಟ್ಟಿನ ಗುರುತು. ಅದೂ ನನ್ನದೇ. ಆಗ ಎಂಟನೆಯ ಸೀನು ಬಂತು. ಅದು ಘಾಟಿನದೋ ನಾಚಿಕೆಯದೋ ಹೇಳಲಾರೆ.

ಬಿ.ಎ. ಓದಿದವನು ಹೆಬ್ಬೆಟ್ಟು ಒತ್ತಿದ್ದು ಹೇಗೆ ಎಂದು ನೀವು ಕೇಳಬೇಕು. ಕೇಳದಿದ್ದರೂ ಹೇಳುವವನೇ ನಾನು.

ನಾಲ್ಕೈದು ವರ್ಷದ ಹಿಂದಿನ ಮಾತು. ಅಂಗಡಿಯಲ್ಲಿ ಕರೆಂಟು ಹೋದ ಮಧ್ಯಾಹ್ನಗಳಿವೆಯಲ್ಲ, ಅವು ಒಳ್ಳೆಯ ಮನುಷ್ಯರನ್ನೂ ಕೆಡಿಸುತ್ತವೆ. ಕೆಲವರು ಇಸ್ಪೀಟಿಗೆ ಬೀಳುತ್ತಾರೆ. ನಾನು ಹವಾಮಾನದ ಮಾಡೆಲ್‌ಗಳಿಗೆ ಬಿದ್ದೆ. ಮೊಬೈಲಿನಲ್ಲಿ ಏನೋ ಹುಡುಕುತ್ತಿದ್ದಾಗ ಬಣ್ಣಬಣ್ಣದ ನಕಾಶೆಯೊಂದು ಕಣ್ಣಿಗೆ ಬಿತ್ತು. ಸಮುದ್ರದ ಮೇಲೆ ಗಾಳಿ ಸುರುಳಿ ಸುತ್ತುತ್ತಿತ್ತು, ಮತ್ತು ಅದು ಇನ್ನೂ ಬಾರದ ಶುಕ್ರವಾರದ ಗಾಳಿಯಾಗಿತ್ತು. ಬಿ.ಎ.ಯಲ್ಲಿ ನಾನು ಭೂಗೋಳವನ್ನು ಹೇಗೋ ದಾಟಿಕೊಂಡು ಬಂದವನು. ಅಂಥವನಿಗೆ ಮುಂದಿನ ಶುಕ್ರವಾರವನ್ನು ಅಂಗೈಯಲ್ಲಿ ತೋರಿಸಿದರೆ ತಲೆ ನಿಲ್ಲುತ್ತದೆಯೇ? ಯುರೋಪಿನವರ ಮಾಡೆಲ್ಲು ಏನನ್ನುತ್ತದೆ, ಅಮೆರಿಕದವರದು ಏನನ್ನುತ್ತದೆ, ನಮ್ಮ ದೇಶದ್ದು ಏನನ್ನುತ್ತದೆ ಎಂದು ಮುಂಜಾನೆ ಹಲ್ಲುಜ್ಜುವ ಮೊದಲೇ ನೋಡತೊಡಗಿದೆ. "ಬಂಗಾಳ ಕೊಲ್ಲಿ ಆಮ್ಯಾಲ ನೋಡೀರಂತ, ಮನ್ಯಾಗ ಗ್ಯಾಸ್ ಮುಗದು ಎರಡು ದಿನ ಆತು," ಎಂದು ಹೆಂಡತಿ ಅಡುಗೆಮನೆಯಿಂದ ಹವಾಮಾನ ವರದಿ ಒದಗಿಸುತ್ತಿದ್ದಳು.

ಈ ಮಾಡೆಲ್ ಎಂಬುದು ಏನು ಎಂದು ನನಗೆ ತಿಳಿದಷ್ಟು ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಕಂಪ್ಯೂಟರು ಇಡೀ ಆಕಾಶವನ್ನು ಚೌಕಾಬಾರದ ಮನೆಗಳ ಹಾಗೆ ಚೌಕ ಚೌಕ ಮಾಡಿಕೊಳ್ಳುತ್ತದೆ. ಪ್ರತಿ ಚೌಕದ ಗಾಳಿ, ಬಿಸಿ, ತೇವ, ಒತ್ತಡ ಇಷ್ಟನ್ನು ಹಿಡಿದು, ಮುಂದಿನ ತಾಸಿಗೆ ಯಾವ ಚೌಕದಿಂದ ಯಾವ ಚೌಕಕ್ಕೆ ಏನು ಸರಿಯುತ್ತದೆ ಎಂದು ಲೆಕ್ಕ ಹಾಕುತ್ತಾ ಹೋಗುತ್ತದೆ. ಆದರೆ ನಡುಸಮುದ್ರದಲ್ಲಿ ಈ ಹೊತ್ತು ಗಾಳಿ ಹೇಗಿದೆ ಎಂಬುದೇ ಯಾರಿಗೂ ಪೂರಾ ಗೊತ್ತಿರುವುದಿಲ್ಲ. ಅದಕ್ಕೆ ಆರಂಭದ ಅಂಕಿಗಳನ್ನು ಚೂರು ಚೂರು ಬದಲಿಸಿ, ಒಂದೇ ಚಂಡಮಾರುತವನ್ನು ಹತ್ತಾರು ಬಾರಿ ಓಡಿಸಿ ನೋಡುತ್ತಾರೆ. ಪ್ರತಿ ಓಟಕ್ಕೂ ನಕಾಶೆಯ ಮೇಲೊಂದು ಗೆರೆ. ಗೆರೆಗಳೆಲ್ಲ ಜೊತೆಯಾಗಿ ನಡೆದರೆ ಧೈರ್ಯವಾಗಿ ಹೇಳಬಹುದು. ಚೆದುರಿದರೆ ಬಾಯಿ ಮುಚ್ಚಿಕೊಂಡಿರಬೇಕು. ಆರು ತಾಸಿಗೊಮ್ಮೆ ಹೊಸ ಲೆಕ್ಕ ಬರುತ್ತದೆ, ಹಳೆಯದನ್ನು ಮರೆತುಬಿಡಬೇಕು. ಈ ಕೊನೆಯ ಎರಡು ಮಾತುಗಳನ್ನು ನಾನು ಓದಿದ್ದೆ, ಆದರೆ ತಲೆಗೆ ಹಚ್ಚಿಕೊಂಡಿರಲಿಲ್ಲ.

ಸಮುದ್ರ ಎಲ್ಲಿ, ಶಹಾಪುರ ಎಲ್ಲಿ ಎಂದು ಹೊರಗಿನವರು ನಗಬಹುದು. ಚಂಡಮಾರುತ ಆಂಧ್ರದ ದಂಡೆ ಹತ್ತಿತೆಂದರೆ ಅದರ ಗಾಳಿಯ ಸೊಕ್ಕು ಅಲ್ಲೇ ಇಳಿಯುತ್ತದೆ. ನೀರು ಮಾತ್ರ ತೆಲಂಗಾಣ ದಾಟಿ ನಮ್ಮ ತನಕ ಬರುತ್ತದೆ. ಬರುವುದಾದರೂ ಯಾವಾಗ? ಕಾಲುವೆಯ ಕೆಳಗಿನ ಭತ್ತ ಕೊಯ್ದು ರಸ್ತೆಯ ಮೇಲೆ ಹರವಿದಾಗ, ಮೆಣಸಿನಕಾಯಿ ಕಣಕ್ಕೆ ಬಂದಾಗ. ಹೀಗಾಗಿ ನನ್ನ ಚಟಕ್ಕೆ ಗಿರಾಕಿಗಳು ತಾವಾಗಿ ಹುಟ್ಟಿಕೊಂಡರು. ಪಹಣಿ ತೆಗೆಸಲು ಬಂದವರು "ತುಫಾನಿಂದು ಏನಂತ್ರಿ?" ಎಂದು ಕೇಳುವುದು, ನಾನು ಕನ್ನಡಕ ಏರಿಸಿಕೊಂಡು ಯುರೋಪ್ ಅಮೆರಿಕ ಎನ್ನುವುದು, ಅವರು ಬಾಯಿ ತೆರೆದು ಕೇಳುವುದು. ನನ್ನ ಮಾತನ್ನು ಹಾಗೆ ಕೇಳಿದವರು ಅದಕ್ಕೆ ಮೊದಲು ಯಾರೂ ಇರಲಿಲ್ಲ.

ಕೆಂಭಾವಿಯಿಂದ ಮಲ್ಲಣ್ಣ ಎಂಬೊಬ್ಬ ರೈತ ಬರುತ್ತಿದ್ದ. ಒಂದು ಸಲ ಆತ, "ಬಾಯಿಲೆ ಹೇಳಿದ್ದು ಮನಿ ಮುಟ್ಟೂದ್ರಾಗ ಮರತು ಹೋಗ್ತದ್ರಿ, ಬರದು ಕೊಡ್ರಿ," ಎಂದ. ನಕಾಶೆಯನ್ನೇ ಪ್ರಿಂಟು ತೆಗೆದು ಕೆಳಗೆ ಎರಡು ಸಾಲು ಬರೆದು ಕೊಟ್ಟೆ. ಆತ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಶಿಕ್ಕಾ ಇಲ್ಲದ ಕಾಗದ ಯಾರು ನಂಬ್ತಾರ್ರಿ?" ಎಂದ. ಬಿಲ್ಲುಗಳ ಮೇಲೆ ಒತ್ತುವ ಶಿಕ್ಕಾ ಮೇಜಿನ ಮೇಲೇ ಇತ್ತು. ಟಪ್ ಎಂದು ಹೊಡೆದುಬಿಟ್ಟೆ. ಆಹಾ, ಏನು ಗತ್ತು ಬಂತು ಅಂತೀರಿ ಆ ಹಾಳೆಗೆ! ಬಂಗಾಳ ಕೊಲ್ಲಿಯೇ ನನ್ನ ಹೆಸರಿಗೆ ನೋಂದಣಿಯಾದಂತೆ ಕಂಡಿತು. ಅಂದಿನಿಂದ ಕೇಳಿದವರಿಗೂ ಕೇಳದವರಿಗೂ ಶಿಕ್ಕಾ ಹಾಕಿಯೇ ಕೊಡತೊಡಗಿದೆ.

ಆ ವರ್ಷ ನೀಲಮ್ಮತ್ತೆಯ ಮನೆಯಲ್ಲಿ ದೊಡ್ಡ ಜಗ್ಗಾಟ ನಡೆದಿತ್ತು. ಹೊಲಕ್ಕೆ ಹತ್ತಿ ಹಾಕೋಣ ಎಂದರು ಮಾಮಾ, ಅಂದರೆ ಅತ್ತೆಯ ಗಂಡ. ಮಗನೂ ಅಪ್ಪನ ಕಡೆಗೇ. ಅತ್ತೆ ಒಬ್ಬಳೇ ಮೆಣಸಿನಕಾಯಿ ಎಂದು ಕೂತಳು. "ಮೂವತ್ತು ವರ್ಷ ಕಳಿ ತಗದಾಕಿ ನಾನು, ಬೆಳಿ ಯಾವದಂತ ಹೇಳೋರು ನೀವು! ಇದೊಂದು ವರ್ಷ ನನ್ನ ಮಾತು ನಡೀಲಿ. ಕೆಟ್ಟರ ಮುಂದ ನಾ ಬಾಯಿ ತಗಿಯಂಗಿಲ್ಲ," ಎಂದು ಎಲ್ಲರೆದುರು ಹೇಳಿದ್ದಳು. ಹೇಳಿದ್ದನ್ನು ಮಾಡುವ ಹೆಂಗಸು. ಹಾಗಾಗಿ ಆ ಡಿಸೆಂಬರಿನಲ್ಲಿ ಕಣದ ಮೇಲೆ ಒಣಗುತ್ತಿದ್ದ ಮೊದಲ ಕೊಯ್ಲಿನ ಜೊತೆಗೆ ಆ ಮನೆಯಲ್ಲಿ ಆಕೆ ಆಡುವ ಮಾತೂ ಬಿಸಿಲಿಗೆ ಬಿದ್ದಿತ್ತು.

ಕೊಲ್ಲಿಯಲ್ಲಿ ಚಂಡಮಾರುತ ಎದ್ದ ಸುದ್ದಿ ಬಂದ ಸೋಮವಾರ ಅತ್ತೆ ಅಂಗಡಿಗೆ ಬಂದಳು. ನಾನು ನಕಾಶೆ ಪ್ರಿಂಟು ತೆಗೆದು ಮುಂದಿಟ್ಟೆ.

"ಇದೇನೋ ತಮ್ಮಾ, ಶಾವಿಗಿ ಹೊಸದಂಗ ಐತಲ್ಲ?"

"ಶಾವಿಗಿ ಅಲ್ಲತ್ತಿ, ತುಫಾನಿನ ಹಾದಿ. ಒಂದೊಂದು ಎಳಿ ಒಂದೊಂದು ಲೆಕ್ಕ."

ಅತ್ತೆ ಹಾಳೆಯನ್ನು ಬೆಳಕಿಗೆ ಹಿಡಿದಳು. ಬೇಸಿಗೆ ಬಂತೆಂದರೆ ಸಗರದ ಅರ್ಧ ಓಣಿಗೆ ಶಾವಿಗೆ ಹೊಸೆದು ಕೊಡುವ ಕೈ ಅದು. ಎಳೆ ನೋಡುವುದನ್ನು ಆಕೆಗೆ ನಾನು ಕಲಿಸಬೇಕಿರಲಿಲ್ಲ. ಬೆರಳಿನಿಂದ ನಿಧಾನಕ್ಕೆ ತೀಡುತ್ತಾ ಹೋದಳು. "ಇವೆಲ್ಲಾ ಮ್ಯಾಲ ಒಡಿಶಾ ಕಡಿ ಹೊಂಟಾವು. ಈ ಎರಡು ಎಳಿ ಇತ್ತಾಗ ನಮ್ಮ ಕಡಿ ಯಾಕ ಹೊಳ್ಯಾವು?"

"ಅವನ್ನ ಬಿಡತ್ತಿ. ಅಷ್ಟು ಎಳ್ಯಾಗ ಎರಡು ಸೊಟ್ಟ ಇರೂದ."

"ಸೊಟ್ಟ ಆದ ಎಳೀನೂ ಪಾಯಸಕ್ಕ ಬೀಳ್ತೈತಿ ತಮ್ಮಾ," ಎಂದಳು ಅತ್ತೆ.

ನಾನು ನಕ್ಕೆ. ನಕ್ಕು, ನಕಾಶೆಯ ಕೆಳಗೆ 'ನಮ್ಮ ಕಡೆ ಮಳೆ ಇಲ್ಲ' ಎಂದು ದಪ್ಪಗೆ ಬರೆದು ಶಿಕ್ಕಾ ಹೊಡೆದೆ. ನಾಲ್ಕನೇ ಇಯತ್ತೆ ಓದಿದ ಅತ್ತೆ ಆ ನಾಲ್ಕು ಪದಗಳನ್ನು ಜೋಡಿಸಿ ಓದಿ, ಹಾಳೆಯನ್ನು ಮಡಚಿ ಪಹಣಿಯ ಚೀಲಕ್ಕೆ ಹಾಕಿಕೊಂಡಳು. ಆ ದಿನ ಅಂಥ ಕಾಗದ ಒಯ್ದವರು ಒಂಬತ್ತು ಮಂದಿ. ಮಲ್ಲಣ್ಣನೂ ಅವರಲ್ಲೊಬ್ಬ.

ಬುಧವಾರ ಮುಂಜಾನೆ ಚಹಾ ಹಿಡಿದುಕೊಂಡು ಮೊಬೈಲು ತೆರೆದೆ. ಚಹಾ ಹಾಗೇ ಆರಿತು. ಸೋಮವಾರ ನಾನು ಬಿಡು ಎಂದಿದ್ದ ಆ ಎರಡು ಸೊಟ್ಟ ಎಳೆಗಳ ಹಿಂದೆ ಉಳಿದವೆಲ್ಲ ಬಂದು ನಿಂತಿದ್ದವು. ಯುರೋಪಿನದೂ ಅದನ್ನೇ ಹೇಳುತ್ತಿತ್ತು, ಅಮೆರಿಕದ್ದೂ ಅದನ್ನೇ. ಚಂಡಮಾರುತ ಆಂಧ್ರದ ದಂಡೆ ಹತ್ತಿ ಒಳನಾಡಿಗೆ ಹೊರಳುತ್ತದೆ, ಗುರುವಾರ ಮಧ್ಯಾಹ್ನದಿಂದ ಶುಕ್ರವಾರದ ತನಕ ನಮ್ಮಲ್ಲಿ ಮಳೆ. ನಂಬರು ಇದ್ದವರಿಗೆಲ್ಲ ಫೋನು ಹಚ್ಚಿದೆ. ಎಲ್ಲರೂ ಒಂದೇ ಮಾತು ಅಂದರು: "ನೀವು ಕೊಟ್ಟ ಕಾಗದದಾಗ ಹಂಗಿಲ್ಲಲ್ರಿ?" ತಾಸುಗಟ್ಟಲೆ ಪಾಳಿ ನಿಂತು ಕಾಗದ ಪಡೆಯುವ ಜನ ನಾವು. ಶಿಕ್ಕಾ ಬಿದ್ದ ಮೇಲೆ ಆ ಮಾತು ಮುಗಿಯಿತು ಎಂದೇ ತಿಳಿದವರು.

ಅತ್ತೆಯದು ಇನ್ನೂ ಒಂದು ಕೈ ಮೇಲೆ. "ಅಯ್ಯ, ಮೊನ್ನಿ ನೀನ ಶಿಕ್ಕಾ ಹೊಡದು ಕೊಟ್ಟೀಯಲ್ಲೋ. ಪಹಣಿ ದಿನಾ ಬದಲಾಗ್ತೈತೇನು?"

"ಇದು ಪಹಣಿ ಅಲ್ಲತ್ತಿ. ಆರು ತಾಸಿಗೊಮ್ಮಿ ಬದಲಾಗೂದು."

"ಆರು ತಾಸಿಗೊಮ್ಮಿ ಬದಲಾಗೂದಕ್ಕ ಶಿಕ್ಕಾ ಯಾಕ ಹೊಡದಿ?"

ಫೋನು ಕಟ್ಟಾಯಿತು.

ಅತ್ತೆಯದು ಬರೀ ಹಟ ಎಂದುಕೊಳ್ಳಬೇಡಿ. ಅರ್ಧ ಒಣಗಿದ ಮೆಣಸಿನಕಾಯಿಯನ್ನು ಗುಡ್ಡೆ ಹಾಕಿ ತಾಡಪತ್ರಿ ಮುಚ್ಚಿದರೆ ಅದು ಒಳಗೊಳಗೇ ಬೆವರಿ, ಬೆಳ್ಳಗಾಗಿ, ಬೂಷ್ಟು ಹಿಡಿಯುತ್ತದೆ. ಮಳೆ ಬಾರದೆ ಮುಚ್ಚಿದರೂ ಕೇಡು, ಮಳೆ ಬಂದು ಮುಚ್ಚದಿದ್ದರೂ ಕೇಡು. ಅದರ ಮೇಲೆ, ಮಂಗಳವಾರ ಮೋಡ ನೋಡಿ ಮಾಮಾ ಮುಚ್ಚೋಣ ಎಂದಾಗ ಅತ್ತೆ ನನ್ನ ಕಾಗದವನ್ನೇ ಓಣಿಯ ಎದುರು ಓದಿ ಅವರ ಬಾಯಿ ಮುಚ್ಚಿಸಿದ್ದಳಂತೆ. ಇದು ಗೊತ್ತಾಗುತ್ತಲೇ ಅಂಗಡಿಯ ಬಾಗಿಲು ಹಾಕಿದೆ. ಹೊಸ ನಕಾಶೆಯ ಪ್ರಿಂಟು ಜೇಬಿಗೆ ಸೇರಿಸಿ ಸ್ಕೂಟರಿನ ಮೇಲೆ ಸಗರಕ್ಕೆ ಹೊರಟೆ.

ಕಣದಲ್ಲಿ ಒಂದು ಕಾಯಿಯೂ ಕದಲಿರಲಿಲ್ಲ. ಮನೆಯ ಪಕ್ಕದ ಜಾಗವೆಲ್ಲ ಕೆಂಪು. ಮಾಮಾ ಹೊರಸಿನ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. "ನೋಡಪಾ, ಸೋಮವಾರ ಇಲ್ಲ ಅಂತಿ, ಬುಧವಾರ ಐತಿ ಅಂತಿ. ನಿನ್ನ ಕಂಪ್ಯೂಟರಿಗೆ ಮದಲ ಒಂದು ಮಾತಿನ್ಯಾಗ ಇರೂದು ಕಲಸು," ಎಂದರು. ನಾನು ಹೊಸ ನಕಾಶೆಯನ್ನು ಅತ್ತೆಯ ಕೈಗೆ ಕೊಟ್ಟೆ. ಆಕೆ ಗೆರೆಗಳನ್ನು ನೋಡಲೇ ಇಲ್ಲ, ನೇರ ಹಾಳೆಯ ಕೆಳಗೆ ನೋಡಿದಳು.

"ಶಿಕ್ಕಾ ಎಲ್ಲಿ?"

ಜೇಬು ತಡಕಿದೆ. ಶಿಕ್ಕಾ ಶಹಾಪುರದಲ್ಲಿತ್ತು.

"ಶಿಕ್ಕಾ ಇದ್ದದ್ದು ಸುಳ್ಳು, ಶಿಕ್ಕಾ ಇಲ್ಲದ್ದು ಖರೆ. ಹಿಂಗಂತ ನಾ ಇವರ ಮುಂದ ಹ್ಯಾಂಗ ಹೇಳಲೋ ತಮ್ಮಾ?" ಎಂದಳು. ಅತ್ತೆಯ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ನನಗೆ ನಿಜವಾಗಿ ಅಳು ಬಂತು.

ಮಾಮಾಗೂ ಕೇಳಿಸಲಿ, ಓಣಿಗೂ ಕೇಳಿಸಲಿ ಎಂದು ದೊಡ್ಡ ದನಿ ತೆಗೆದು ಹೇಳಿದೆ: "ಅತ್ತಿ, ತಪ್ಪು ನಂದು. ಆ ಎರಡು ಎಳಿ ನಿನ್ನ ಕಣ್ಣಿಗೆ ಬಿದ್ದಿದ್ವು. ನೀ ಕೇಳಿದ್ದಿ. ನಾನ ಬಿಡು ಅಂದೆ."

ಅತ್ತೆ ಒಳಗೆ ಹೋಗಿ ಪಹಣಿಯ ಚೀಲ ತಂದು ಹಳೆಯ ಹಾಳೆ ತೆಗೆದಳು. "ಹಂಗಾರ ಮದಲಿಂದು ರದ್ದು ಮಾಡು. ಹಳೇದು ರದ್ದು ಆಗದ ಹೊಸಾದು ನಡಿಯಂಗಿಲ್ಲ." ಕಚೇರಿಯ ಮೆಟ್ಟಿಲು ಹತ್ತಿದವರ ಕಾಯಿದೆ ಅದು. ಪೆನ್ನು ತೆಗೆದು ಶಿಕ್ಕಾದ ಮೇಲೆ ಅಡ್ಡಲಾಗಿ 'ರದ್ದು' ಎಂದು ಬರೆದು ಸಹಿ ಹಾಕಲು ಹೋದೆ. ಅತ್ತೆ ಕೈ ಹಿಡಿದಳು. "ಸಹಿ ಯಾರ ಬೇಕಾದ್ರೂ ಮಾಡ್ತಾರ. ಹೆಬ್ಬಟ್ಟು ಒತ್ತು."

ಶಾಯಿ ಎಲ್ಲಿದೆ? ಶಶಿಕಲಾಳ ಕೂಸಿಗೆ ಆಗ ಆರು ತಿಂಗಳು. ಅವಳು ಓಡಿಹೋಗಿ ಕೂಸಿನ ಕಾಡಿಗೆಯ ಡಬ್ಬಿ ತಂದಳು. ನನ್ನ ಹೆಬ್ಬೆರಳಿಗೆ ಕಾಡಿಗೆ ಮೆತ್ತಿ, ಹಾಳೆಯ ಮೇಲಿಟ್ಟು, ಅತ್ತೆಯೇ ಮೇಲಿನಿಂದ ಅದುಮಿದಳು. ಮಾಮಾ ಎಲೆ ಅಡಿಕೆ ಉಗಿದು ಬಂದು ಗಹಗಹಿಸಿ ನಕ್ಕರು. "ಓದಿದಾಂವ ಹೆಬ್ಬಟ್ಟು ಒತ್ತಿದ ಅಂದ್ರ ಮಳಿ ಬರೂದ ಖರೆ, ನಡೀರಿ!" ಎಂದು ಧೋತರ ಎತ್ತಿ ಕಟ್ಟಿದರು.

ಮುಚ್ಚುವುದು ಬೇಡ ಎಂದಳು ಅತ್ತೆ. ಮಳೆ ಎಷ್ಟು ಹೊತ್ತು ಎಂದು ನನ್ನನ್ನು ಎರಡೆರಡು ಸಲ ಕೇಳಿದಳು. ಶನಿವಾರ ಬಿಸಿಲು ಎಂದು ತಿಳಿದ ಮೇಲೆ, ಎಲ್ಲವನ್ನೂ ಮನೆಯೊಳಗೆ ಹೊತ್ತು ತೆಳ್ಳಗೆ ಹರವಬೇಕು, ಎರಡು ದಿನ ಗಾಳಿಯಾಡಿದರೆ ಸಾಕು ಎಂದಳು. ಕಂಪ್ಯೂಟರು ಎಂದಾದರೂ ಇಂಥದ್ದೊಂದು ಹೇಳೀತೇ? ಬುಧವಾರ ಸಂಜೆಯವರೆಗೆ ಹೊತ್ತೆವು, ಗುರುವಾರ ಬೆಳಿಗ್ಗೆ ಮತ್ತೆ ಹೊತ್ತೆವು. ಪಡಸಾಲೆ, ಅಡುಗೆಮನೆ, ಹೊರಸಿನ ಕೆಳಗೆ, ಹೊರಸಿನ ಮೇಲೆ, ದೇವರ ಕೋಣೆಯೊಂದನ್ನು ಬಿಟ್ಟು ಎಲ್ಲೆಲ್ಲೂ ಮೆಣಸಿನಕಾಯಿ. ಮನುಷ್ಯರಿಗೆ ಜಾಗ ಉಳಿದದ್ದು ದನದ ಕೊಟ್ಟಿಗೆಯಲ್ಲಿ. ಎತ್ತುಗಳ ಪಕ್ಕ ಕೂತು, ಸೀನುತ್ತ, ಮೂಗು ಒರೆಸುತ್ತ, ರೊಟ್ಟಿ ಪುಂಡಿಪಲ್ಯ ತಿಂದೆವು. ಮಳೆ ಬಾರದಿದ್ದರೆ ನನ್ನನ್ನು ಈ ಎತ್ತುಗಳ ಜೊತೆಯೇ ಕಟ್ಟುತ್ತಾರೆ ಎಂದು ಲೆಕ್ಕ ಹಾಕುತ್ತಾ ನಾನು ಆಕಾಶ ನೋಡುತ್ತಿದ್ದೆ.

ಮೂರು ಗಂಟೆಗೆ ಬಂತು ನೋಡಿ! ಮೊದಲು ಹೆಂಚಿನ ಮೇಲೆ ನಾಲ್ಕು ಹನಿ, ಆಮೇಲೆ ಒಂದೇ ಸಮನೆ. ಖಾಲಿ ಕಣದಲ್ಲಿ ನೀರು ನಿಂತಿತು. ಮಾಮಾ ಎತ್ತಿನ ಬೆನ್ನು ಸವರುತ್ತಾ, ಎತ್ತಿಗೇ ಹೇಳುವವರಂತೆ, "ಬರೂ ವರ್ಷನೂ ಮೆಣಸಿನಕಾಯಿನೇ ಹಾಕೂನು ಬಿಡು," ಎಂದರು. ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡು, ಘಾಟು ಎಂದಳು.

ಇಲ್ಲಿಗೇ ನಿಲ್ಲಿಸಿದರೆ ನಾನು ಜಾಣನಾಗಿ ಉಳಿಯುತ್ತೇನೆ. ಆದರೆ ಮುಂದಿನ ವಾರ ಮಲ್ಲಣ್ಣ ಬಂದ. ಆತನ ನಂಬರು ನನ್ನಲ್ಲಿರಲಿಲ್ಲ. ಕೆಂಭಾವಿಗೆ ಹೋಗಿ ಹುಡುಕಬಹುದಿತ್ತು, ಹೋಗಲಿಲ್ಲ. ರಸ್ತೆಯ ಮೇಲೆ ಹರವಿದ್ದ ಆತನ ಭತ್ತ ನೆನೆದು ಬಣ್ಣ ಕೆಟ್ಟಿತ್ತು. ಜಗಳ ಮಾಡಲಿಲ್ಲ. ಒದ್ದೆಯಾಗಿ ಒಣಗಿದ ಹಾಳೆಯನ್ನು ಮೇಜಿನ ಮೇಲಿಟ್ಟು, "ಶಿಕ್ಕಾ ನಿಮ್ದ ಅಲ್ರಿ?" ಎಂದಷ್ಟೇ ಕೇಳಿದ. ಹೌದು ಎಂದೆ. ತಪ್ಪಾಯಿತು ಎಂದೆ. ಆತ ಹೋದ ಮೇಲೆ ಶಿಕ್ಕಾವನ್ನು ಡ್ರಾಯರಿನ ಹಿಂದಕ್ಕೆ ತಳ್ಳಿದೆ. ಅಂದಿನಿಂದ ಹವಾಮಾನ ಕೇಳಿದವರಿಗೆ ಬಾಯಲ್ಲೇ ಹೇಳುತ್ತೇನೆ, ಫೋನ್ ನಂಬರು ಮೊದಲು ಬರೆದುಕೊಳ್ಳುತ್ತೇನೆ, ಸಂಜೆ ಮತ್ತೆ ಕೇಳಿ ಎನ್ನುತ್ತೇನೆ. ಮಲ್ಲಣ್ಣ ಈಗಲೂ ಬರುತ್ತಾನೆ. ಆತನ ಎದುರು ಯುರೋಪ್ ಅಮೆರಿಕ ಎನ್ನಲು ನನಗೆ ನಾಲಗೆ ಏಳುವುದಿಲ್ಲ.

ಮೊನ್ನೆಯ ಮಂಗಳವಾರಕ್ಕೆ ಬರುತ್ತೇನೆ. ರದ್ದಾದ ಹಾಳೆಯನ್ನೂ ಝೆರಾಕ್ಸ್ ಮಾಡಿ, ಅದು ಎಲ್ಲಿತ್ತೋ ಅಲ್ಲೇ ಇಟ್ಟೆ. ಶಶಿಕಲಾ ಹೋಗದೆ ನಿಂತಳು. "ಕೊಲ್ಲ್ಯಾಗ ಮತ್ತ ತುಫಾನು ಎದ್ದದಂತಲ್ರಿ. ಮೊದಲನೇ ಕೊಯ್ಲು ಕಣದಾಗ ಐತಿ. ಅತ್ತಿಯಾರು ಕೇಳ್ಕೊಂಡು ಬಾ ಅಂದಾರ," ಎಂದಳು. ಅಂದಿನಿಂದ ಆ ಹೊಲದಲ್ಲಿ ಪ್ರತಿ ವರ್ಷವೂ ಮೆಣಸಿನಕಾಯಿಯೇ.

ಮೊಬೈಲು ತೆರೆದೆ. ಗೆರೆಗಳು ಎತ್ತೆತ್ತಲೋ ಹೊರಟಿದ್ದವು. ಕೆಲವು ತಮಿಳುನಾಡಿಗೆ, ಕೆಲವು ಒಡಿಶಾಕ್ಕೆ, ನಾಲ್ಕೈದು ನಮ್ಮ ಕಡೆಗೆ, ಎರಡು ಸಮುದ್ರದಲ್ಲೇ ಸುತ್ತುತ್ತಿದ್ದವು. ಅತ್ತೆಗೆ ಫೋನು ಹಚ್ಚಿದೆ.

"ಅತ್ತಿ, ಖರೆ ಹೇಳ್ಲೇನು? ಈ ಹೊತ್ತಿಗೆ ನನಗ ಗೊತ್ತಿಲ್ಲ. ಕಂಪ್ಯೂಟರಿಗೂ ಗೊತ್ತಿಲ್ಲ. ಎಳಿ ಎಲ್ಲಾ ಚೆದರ್ಯಾವು."

ಬೈಗುಳಕ್ಕೆ ಕಿವಿ ಸಜ್ಜು ಮಾಡಿಕೊಂಡೆ.

"ಹಂಗಂತ ಬರದು ಕೊಡು," ಎಂದಳು ಅತ್ತೆ.

"ಏನಂತ?"

"ಗೊತ್ತಿಲ್ಲ ಅಂತ. ಬರದು ಶಿಕ್ಕಾ ಹೊಡಿ. ನಿಮ್ಮ ಮಾಮಾ ಮುಂಜಾನಿಂದ ಟಿವಿ ನೋಡಿ ಹಂಗ ಮಾಡು ಹಿಂಗ ಮಾಡು ಅಂತ ತಲಿ ತಿನ್ನಾಕತ್ತಾರ. ಕಂಪ್ಯೂಟರಿಗೇ ಗೊತ್ತಿಲ್ಲಂತ ಕಾಗದದಾಗ ಬಂತಂದ್ರ ಮುಗೀತು, ಮುಂದಿನ ಮಾತು ನಂದು."

ಡ್ರಾಯರಿನ ಹಿಂದಿನಿಂದ ಶಿಕ್ಕಾ ತೆಗೆದೆ. ಶಾಯಿಯ ಪ್ಯಾಡು ಒಣಗಿತ್ತು; ಎರಡು ಹನಿ ನೀರು ಹಾಕಿ ತಿಕ್ಕಿದೆ. ನಕಾಶೆಯ ಕೆಳಗೆ ತಾರೀಖು ಬರೆದೆ, ಮಧ್ಯಾಹ್ನ ಹನ್ನೆರಡು ಗಂಟೆ ಎಂದು ಬರೆದೆ, 'ಗೊತ್ತಿಲ್ಲ' ಎಂದು ದಪ್ಪ ಅಕ್ಷರದಲ್ಲಿ ಬರೆದೆ. ಶಿಕ್ಕಾ ಒತ್ತಿದೆ. ಮಲ್ಲಣ್ಣ ಎದುರಿಗೆ ನಿಂತಿದ್ದರೂ ಒತ್ತುತ್ತಿದ್ದೆ.

ಶಶಿಕಲಾ ಹಾಳೆಯನ್ನು ತೆಗೆದುಕೊಂಡು ಶಾಯಿ ಆರಲೆಂದು ಫ್ಯಾನಿಗೆ ಹಿಡಿದಳು. ಓದಿದಳು. ಮತ್ತೊಮ್ಮೆ ಓದಿ, ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು.

"ಅಣ್ಣಾರ, ಇದರದೂ ಒಂದು ಝೆರಾಕ್ಸ್ ಮಾಡ್ರಿ," ಎಂದಳು. "ಅತ್ತಿಯಾರಿಗೆ ಅಲ್ರಿ. ನನಗ ಇರಲಿ."